ಬಕೆಟ್ ಲೆಕ್ಕ, ಮೀಟರ್ ಲೆಕ್ಕ

16 ಮಾರ್ಚ್ 2025, ಭಾನುವಾರ

ಬೆಳಿಗ್ಗೆ ಎದ್ದವಳೇ ನೀರಿನ ಮೀಟರ್ ನೋಡಿ ಬಂದೆ. ಈ ಮೂವತ್ತು ದಿನಕ್ಕೆ 13 ಯೂನಿಟ್. ಹಿಂದಿನ ತಿಂಗಳು 15 ಇತ್ತು. ಒಂದು ಯೂನಿಟ್ ಅಂದ್ರೆ 1000 ಲೀಟರ್. ನಾಲ್ಕು ಜನರ ಮನೆಯಲ್ಲಿ 2000 ಲೀಟರ್ ಉಳಿದಿದೆ! ನಂಬಿಕೆ ಬರದೆ ಇನ್ನೊಮ್ಮೆ ಹೋಗಿ ಓದಿದೆ.

ಬಳಸಿದ ನೀರು ಹಿಡಿದಿಡಲು ಶುರು ಮಾಡಿದ್ದು ಜನವರಿಯಲ್ಲೇ. ಆದರೆ ಮೊದಲ ತಿಂಗಳು ಬಿಲ್ ಒಂಚೂರೂ ಇಳಿಯಲಿಲ್ಲ. ದಿನಾ ಬಕೆಟ್ ಹೊತ್ತಿದ್ದಕ್ಕೆ ಸೊಂಟ ನೋವು ಬೇರೆ. ತುಂಬಾ ಬೇಜಾರಾಗಿತ್ತು. ಕೂತು ಯೋಚಿಸಿದಾಗ ತಪ್ಪು ಗೊತ್ತಾಯಿತು. ನೀರು ಇದೆಯಲ್ಲ ಅಂತ ಅಂಗಳಕ್ಕೆ ಸುರಿಯುತ್ತಿದ್ದೆ, ಮೆಟ್ಟಿಲು ತೊಳೆಯುತ್ತಿದ್ದೆ. ಮೊದಲು ಆ ಕೆಲಸಗಳಿಗೆ ನಲ್ಲಿ ನೀರು ಖರ್ಚೇ ಆಗುತ್ತಿರಲಿಲ್ಲ. ಮತ್ತೆ ಉಳಿತಾಯ ಎಲ್ಲಿಂದ ಬರಬೇಕು, ಅಲ್ವಾ? ನಲ್ಲಿ ನೀರು ಹೋಗುತ್ತಿದ್ದ ಕಡೆಗೇ ಈ ನೀರು ಹೋದರೆ ಮಾತ್ರ ಬಿಲ್ ಇಳಿಯುತ್ತದೆ.

ನಮ್ಮಲ್ಲಿ ಹಾಗೆ ನೀರು ಹೋಗುತ್ತಿದ್ದದ್ದು ಕಮೋಡಿಗೆ. ಹಳೇ ಕಾಲದ ಫ್ಲಶ್ ಟ್ಯಾಂಕ್, ಒಂದು ಸಲಕ್ಕೆ 10 ಲೀಟರ್ ಖಾಲಿ. ಈಗ ಫ್ಲಶ್ ಒತ್ತುವ ಬದಲು ಅರ್ಧ ಬಕೆಟ್ ನೀರನ್ನು ರಭಸವಾಗಿ ಸುರಿಯುತ್ತೇವೆ. ನಿಧಾನಕ್ಕೆ ಸುರಿದರೆ ಕೊಳೆ ಹೋಗುವುದಿಲ್ಲ. ಟ್ಯಾಂಕಿನೊಳಗೆ ಮಾತ್ರ ಈ ನೀರು ಹಾಕುವುದಿಲ್ಲ. ಸೋಪಿನ ಜಿಡ್ಡು ಕೂತು ಒಳಗಿನ ರಬ್ಬರ್ ಕೆಟ್ಟರೆ ಟ್ಯಾಂಕ್ ಸೋರಲು ಶುರುವಾಗುತ್ತದೆ. ಆಗ ಉಳಿಸಿದ್ದೆಲ್ಲ ಅಲ್ಲೇ ಹರಿದುಹೋಗುತ್ತದೆ.

ಕುಡಿಯುವ ನೀರಿನ ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನೂ ಅಳೆದೆ. ನಮ್ಮ ಫಿಲ್ಟರಿನಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಸಿಂಕಿಗೆ ಹೋಗುತ್ತಿತ್ತು. ನೋಡಲು ತಿಳಿಯಾಗಿದೆ, ಗಿಡಕ್ಕೆ ಇದಕ್ಕಿಂತ ಒಳ್ಳೆಯದು ಏನಿದೆ ಅಂದುಕೊಂಡೆ. ಒಂದೂವರೆ ತಿಂಗಳಲ್ಲಿ ಗುಲಾಬಿ ಗಿಡದ ಎಲೆ ಅಂಚು ಸುಟ್ಟ ಹಾಗೆ ಕಂದಾಯಿತು. ಕುಂಡದ ಮಣ್ಣಿನ ಮೇಲೆ ಬಿಳಿ ಪದರ ಬೇರೆ. ಫಿಲ್ಟರ್ ತೆಗೆದ ಉಪ್ಪಿನಂಶ ಎಲ್ಲ ಆ ನೀರಿನಲ್ಲೇ ಇರುತ್ತದೆ, ಸಣ್ಣ ಕುಂಡದಲ್ಲಿ ಅದು ಕೂಡುತ್ತಾ ಹೋಗುತ್ತದೆ. ಪಾಪ, ಒಳ್ಳೇ ಗಿಡ. ನಾಲ್ಕೈದು ಸಲ ಒಳ್ಳೆಯ ನೀರು ಸುರಿದು ಮಣ್ಣು ತೊಳೆದ ಮೇಲೆ ಈಗ ಒಂದು ಚಿಗುರು ಬಂದಿದೆ. ಆ ನೀರು ಇನ್ನು ನೆಲ ಒರೆಸಲು, ಕಮೋಡಿಗೆ ಅಷ್ಟೇ.

ಕುಂಡಗಳಿಗೆ ತರಕಾರಿ ತೊಳೆದ ನೀರು ಹಾಕುತ್ತೇನೆ. ಬಿಸಿನೀರು ಬರುವ ತನಕ ಶವರಿನಿಂದ ಸುಮ್ನೆ ಹರಿಯುತ್ತಿದ್ದ ತಣ್ಣೀರನ್ನೂ ಈಗ ಬಕೆಟಿಗೆ ಹಿಡಿದು ಅವಕ್ಕೇ ಕೊಡುತ್ತೇನೆ.

ವಾಷಿಂಗ್ ಮಷಿನ್ನಿನ ಮೊದಲ ನೀರಿನಲ್ಲಿ ಪುಡಿ, ಕೊಳೆ ಜಾಸ್ತಿ. ಅದನ್ನು ಬಿಟ್ಟುಬಿಡುತ್ತೇನೆ. ಕೊನೆಗೆ ಜಾಲಿಸಿದ ನೀರನ್ನು ಮಾತ್ರ ಡ್ರಮ್ಮಿಗೆ ಹಿಡಿಯುತ್ತೇನೆ, ಮುಚ್ಚಳ ಗಟ್ಟಿಯಾಗಿ ಹಾಕಿ. ಇಲ್ಲವಾದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಒಂದು ದಿನಕ್ಕಿಂತ ಇಟ್ಟರೆ ನಾತ ಬರುತ್ತದೆ. ಹಾಗಾಗಿ ರಾತ್ರಿ ಮಲಗುವ ಮುಂಚೆ ಡ್ರಮ್ ಖಾಲಿ ಆಗಲೇಬೇಕು.

ಹೊಸ ಪೈಪ್ ಲೈನ್ ಹಾಕಿಸಲು ಹೋಗಲಿಲ್ಲ. ಆ ಖರ್ಚು ಬಿಲ್ಲಿನಲ್ಲಿ ವಾಪಸ್ ಬರಲು ವರ್ಷಗಳೇ ಬೇಕು. ಎರಡು ಬಕೆಟ್, ಒಂದು ಡ್ರಮ್, ಎರಡು ಮೀಟರ್ ಪೈಪು ಸಾಕಾಯಿತು. ನೀರು ಕಡಿಮೆ ಎಳೆದಷ್ಟೂ ಮೋಟರ್ ಓಡುವುದೂ ಕಡಿಮೆ. ಕರೆಂಟ್ ಬಿಲ್ಲಿನಲ್ಲಿ ಅದೆಷ್ಟು ಉಳಿಯಿತು ಅಂತ ಮುಂದಿನ ತಿಂಗಳು ನೋಡಬೇಕು.

ಸಂಜೆ ಮಗಳು ಮೀಟರ್ ಓದುವುದು ಹೇಗೆ ಅಂತ ಕೇಳಿದಳು. ಕರೆದುಕೊಂಡು ಹೋಗಿ ತೋರಿಸಿದೆ. ಇವತ್ತಿನ ಅಂಕಿ ಕ್ಯಾಲೆಂಡರಿನಲ್ಲಿ ಬರೆದವಳು ಅವಳೇ.