ಬ್ರೇಕ್ ಹಿಡಿಯುತ್ತಿದೆಯಲ್ಲ, ಮತ್ತೆ ಆಯಿಲ್ ಏಕೆ ಬದಲಿಸಬೇಕು?

ಚಿಕ್ಕಮಗಳೂರಿನಲ್ಲಿ ಗ್ಯಾರೇಜು ನಡೆಸುವವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಸರ್ವಿಸ್ ಬಿಲ್ಲಿನಲ್ಲಿ ಬ್ರೇಕ್ ಆಯಿಲ್ ಎಂಬ ಸಾಲು ಕಂಡರೆ ಸಾಕು, ಗಿರಾಕಿಯ ಹುಬ್ಬು ಮೇಲೇರುತ್ತದೆ. "ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿದೆ. ಆಯಿಲ್ ಸೋರಿಲ್ಲ, ಕಡಿಮೆಯೂ ಆಗಿಲ್ಲ. ಕಾರು ಮನೆಯಲ್ಲಿ ನಿಂತಿದ್ದೇ ಹೆಚ್ಚು. ಇದನ್ನೇಕೆ ಬದಲಿಸಬೇಕು?" ಅನುಮಾನ ನ್ಯಾಯವಾದದ್ದೇ. ಬೇಡದ್ದನ್ನೆಲ್ಲ ಬಿಲ್ಲಿಗೆ ಸೇರಿಸುವವರು ನಮ್ಮ ಕಸುಬಿನಲ್ಲಿ ಇಲ್ಲವೆಂದು ನಾನು ಹೇಳಲಾರೆ. ಆದರೆ ಈ ಒಂದು ಸಾಲಿನ ಮಟ್ಟಿಗೆ ನನ್ನ ಉತ್ತರ ಬದಲಾಗುವುದಿಲ್ಲ: ಎರಡು ವರ್ಷವಾಗಿದ್ದರೆ ಬದಲಿಸಿ, ಕಿಲೋಮೀಟರ್ ನೋಡಬೇಡಿ.

ಎಂಜಿನ್ ಆಯಿಲ್ ಮುಖ್ಯವಾಗಿ ಓಡಾಟದಿಂದ ಕೆಡುತ್ತದೆ. ಬ್ರೇಕ್ ಆಯಿಲ್ ನಿಂತಲ್ಲೇ ಕೆಡುತ್ತದೆ. ನಮ್ಮ ಕಾರುಗಳಲ್ಲಿ ಬಳಸುವುದು ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಹೀರಿಕೊಳ್ಳುವುದು ಅದರ ಹುಟ್ಟುಗುಣ. ಚಕ್ರಗಳ ಬಳಿಯ ರಬ್ಬರ್ ಹೋಸುಗಳ ಮೂಲಕ, ಬಾನೆಟ್ಟಿನ ಕೆಳಗೆ ಬ್ರೇಕ್ ಆಯಿಲ್ ತುಂಬಿಡುವ ಪುಟ್ಟ ಡಬ್ಬಿಯ ಮುಚ್ಚಳದ ಮೂಲಕ ತೇವ ಸ್ವಲ್ಪಸ್ವಲ್ಪವೇ ಒಳಗಿಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗದ, ಮೂಲೆಯಲ್ಲಿಟ್ಟ ಚಪ್ಪಲಿಗೆ ಬೂಷ್ಟು ಹಿಡಿಯುವ ಮಲೆನಾಡಿನಲ್ಲಿ ಅದಕ್ಕೆ ತೇವದ ಬರವಿಲ್ಲ. ತಿಂಗಳಿಗೊಮ್ಮೆ ಪೇಟೆಗೆ ಇಳಿಯುವ ತೋಟದ ಮನೆಯ ಕಾರಿಗೂ ಇದರಿಂದ ವಿನಾಯಿತಿ ಇಲ್ಲ.

ಒಂದಿಷ್ಟು ನೀರು ಸೇರಿದರೆ ಏನಾಯಿತು ಎಂದರೆ, ಕುದಿಯುವ ಬಿಂದು ಕೆಳಗಿಳಿಯುತ್ತದೆ. ಡಾಟ್ ಎಂಬುದು ಬ್ರೇಕ್ ಆಯಿಲಿನ ದರ್ಜೆಯ ಗುರುತು. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230 ಡಿಗ್ರಿಯವರೆಗೆ. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದೇ ಮಾನದಂಡ ಡಾಟ್ 3ಕ್ಕೆ 140 ಡಿಗ್ರಿಗೂ ಡಾಟ್ 4ಕ್ಕೆ 155 ಡಿಗ್ರಿಗೂ ಕುಸಿಯುತ್ತದೆ. ಎಂ.ಜಿ. ರಸ್ತೆಯಲ್ಲಿ ತರಕಾರಿ ತರಲು ಹೋಗಿ ಬರುವ ಕಾರಿನ ಬ್ರೇಕ್ ಅಷ್ಟು ಕಾಯುವುದೇ ಇಲ್ಲ. ಹಾಗಾಗಿ ಹಳೆಯ ಆಯಿಲ್ ಊರೊಳಗೆ ವರ್ಷಗಟ್ಟಲೆ ಸಂಭಾವಿತನಂತೆ ನಡೆದುಕೊಳ್ಳುತ್ತದೆ. ಅದರ ಬಣ್ಣ ಬಯಲಾಗುವುದು ಇಳಿಜಾರಿನಲ್ಲಿ.

ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್ ಎತ್ತರದಲ್ಲಿದೆ. ನಮ್ಮ ಊರು 1,090 ಮೀಟರ್ ಆಸುಪಾಸಿನಲ್ಲಿ. ರಸ್ತೆ ನೆತ್ತಿಯವರೆಗೆ ಹೋಗುವುದಿಲ್ಲ, ಆದ್ದರಿಂದ ಕಾರು ಇಳಿಯುವುದು 700 ಮೀಟರ್ ಎಂದೇ ಇಟ್ಟುಕೊಳ್ಳೋಣ. ಜನರೂ ಸಾಮಾನೂ ಸೇರಿ 1,400 ಕಿಲೋ ತೂಗುವ ಕಾರು ಅಷ್ಟು ಇಳಿಯುವಾಗ ಬಿಟ್ಟುಕೊಡುವ ಶಕ್ತಿಯನ್ನು ಲೆಕ್ಕ ಹಾಕಿದರೆ, ಬಚ್ಚಲುಮನೆಯ ಹಂಡೆಯಲ್ಲಿ 30 ಲೀಟರಿನಷ್ಟು ತಣ್ಣೀರನ್ನು ಕುದಿಬಿಂದುವಿಗೆ ತರಲು ಅದು ಹೆಚ್ಚುಕಡಿಮೆ ಸಾಕು. ಎರಡನೆಯ ಗೇರಿನಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಬಹುಪಾಲು ಹೊರೆ ನಾಲ್ಕು ಚಕ್ರಗಳ ಬ್ರೇಕಿನ ತಲೆಯ ಮೇಲೆ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವವರು ಇನ್ನೂ ಇದ್ದಾರೆ. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರು ಗೇರಿನಲ್ಲಿದ್ದು, ಆಕ್ಸಿಲರೇಟರ್ ಬಿಟ್ಟು ಇಳಿಯುತ್ತಿದ್ದರೆ ಎಂಜಿನ್ನಿಗೆ ಪೆಟ್ರೋಲನ್ನೇ ನಿಲ್ಲಿಸುತ್ತದೆ. ಪೆಟ್ರೋಲ್ ಸುಡುವುದು ನ್ಯೂಟ್ರಲ್‌ನಲ್ಲೇ. ಶನಿವಾರ, ಭಾನುವಾರ ಗಿರಿಯ ದಾರಿಯ ಬುಡದಲ್ಲಿರುವ ಕೈಮರದ ಹತ್ತಿರ ನಿಂತು ಉಸಿರೆಳೆದರೆ ಬ್ರೇಕ್ ಪ್ಯಾಡ್ ಸುಟ್ಟ ವಾಸನೆಯೇ ಎಲ್ಲವನ್ನೂ ಹೇಳುತ್ತದೆ.

ಚಕ್ರದ ಬಳಿ ಪ್ಯಾಡುಗಳನ್ನು ಒತ್ತಿಹಿಡಿಯುವ ಭಾಗವೇ ಕ್ಯಾಲಿಪರ್. ಹೀಗೆ ಕಾದ ಕ್ಯಾಲಿಪರಿನೊಳಗೆ ನೀರು ಹೀರಿದ ಆಯಿಲ್ ಕುದಿಯುತ್ತದೆ, ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿದರೆ ಅದು ಒತ್ತಡವನ್ನು ಹಾಗೆಯೇ ಮುಂದಕ್ಕೆ ದಾಟಿಸುತ್ತದೆ. ಆವಿಯನ್ನು ಒತ್ತಿದರೆ ಕುಗ್ಗುತ್ತದೆ, ಅಷ್ಟೇ. ಕಾಲು ತುಳಿದ ಬಲವೆಲ್ಲ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಮುಗಿದು ಪೆಡಲ್ ನೆಲ ಮುಟ್ಟುತ್ತದೆ, ಕಾರು ಮಾತ್ರ ಮುಂದೆ ಹೋಗುತ್ತಲೇ ಇರುತ್ತದೆ. ಆಗ ಬೇಗಬೇಗ ಪೆಡಲ್ ತುಳಿದು ತುಳಿದು ಬಿಡಬೇಕು, ಗೇರ್ ಒಂದೊಂದಾಗಿ ಇಳಿಸಬೇಕು, ಕೇಬಲ್ಲಿನಿಂದ ಹಿಡಿಯುವ ಹ್ಯಾಂಡ್ ಬ್ರೇಕನ್ನು ನಿಧಾನವಾಗಿ ಎಳೆಯಬೇಕು. ಎಂಜಿನ್ ಆರಿಸಬಾರದು.

ಇದರಲ್ಲಿ ನನಗೆ ಅತಿ ತಲೆನೋವು ತರುವುದು ಮರುದಿನದ ಸಂಗತಿ. ಕಾರು ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಎಂದಿನಂತೆ ಗಟ್ಟಿಯಾಗುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಒಳಗೆ ಹೋಯಿತೆಂದು ಗಾಬರಿಯಿಂದ ಬಂದವರ ಮುಂದೆಯೇ ತುಳಿದು ನೋಡಿದರೆ ಏನೂ ಆಗಿಲ್ಲ. ಸೋರಿಕೆ ಇಲ್ಲ, ಪ್ಯಾಡ್ ಸವೆದಿಲ್ಲ. "ನನಗೇ ಹಾಗೆನಿಸಿತೇನೋ" ಎಂದು ಅವರೇ ಹೊರಡಲು ಎದ್ದುಬಿಡುತ್ತಾರೆ. ಹಾಗೆ ಎದ್ದವರನ್ನು ನಾನು ಕೈಹಿಡಿದು ಕೂರಿಸಿದ್ದೇನೆ.

ಬಣ್ಣ ನೋಡಿ ಹೇಳಬಹುದೇ ಎಂದು ಕೇಳುತ್ತಾರೆ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಬದಲಿಸಲೇಬೇಕು, ಆದರೆ ತಿಳಿಯಾಗಿದ್ದ ಮಾತ್ರಕ್ಕೆ ನೀರಿಲ್ಲವೆಂದಲ್ಲ. ಪೆನ್ನಿನಂಥ ಟೆಸ್ಟರ್ ಅದ್ದಿದರೆ ದೀಪ ಹತ್ತಿ ಒಂದು ಅಂದಾಜು ಸಿಗುತ್ತದೆ. ಅದು ನೋಡುವುದು ಡಬ್ಬಿಯಲ್ಲಿರುವುದನ್ನು. ಬಿಸಿ ತಟ್ಟುವುದು ಚಕ್ರದ ಬಳಿ ಇರುವುದಕ್ಕೆ. ಆಯಿಲನ್ನು ಕಾಯಿಸಿ ಕುದಿಬಿಂದು ಅಳೆಯುವ ಯಂತ್ರ ಇನ್ನೂ ನಂಬಿಕಸ್ಥ.

ಮಟ್ಟ ಇಳಿದಿದೆ, ಸ್ವಲ್ಪ ಸುರಿದುಬಿಡಿ ಎನ್ನುವುದು ಇನ್ನೊಂದು ರೂಢಿ. ಪ್ಯಾಡ್ ಸವೆದಂತೆ ಕ್ಯಾಲಿಪರಿನ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯ ಆಯಿಲ್ ಇಳಿಯುತ್ತದೆ. ಅಂದರೆ ಮಟ್ಟ ಇಳಿದರೆ ಮೊದಲು ಪ್ಯಾಡ್ ನೋಡಬೇಕು, ಆಮೇಲೆ ಸೋರಿಕೆ ಹುಡುಕಬೇಕು. ಮೇಲಿನಿಂದ ಸುರಿದವನು ಸೂಚನೆಯನ್ನು ಅಳಿಸಿದಂತಾಗುತ್ತದೆ, ನೀರನ್ನಂತೂ ತೆಗೆದಂತಾಗುವುದಿಲ್ಲ.

ಬದಲಿಸುವುದೆಂದರೆ ಡಬ್ಬಿಯದನ್ನು ಸಿರಿಂಜಿನಲ್ಲಿ ಹೀರಿ ಹೊಸದು ತುಂಬುವುದಷ್ಟೇ ಅಲ್ಲ. ಒಬ್ಬ ಸ್ಟೀರಿಂಗ್ ಮುಂದೆ, ಒಬ್ಬ ಚಕ್ರದ ಬಳಿ. "ತುಳಿಯಪ್ಪಾ... ಹಿಡಿದುಕೋ... ಈಗ ಬಿಡು." ಆಯಿಲ್ ಹೊರಬಿಡಲು ಚಕ್ರದ ಬಳಿ ಇರುವ ನಿಪ್ಪಲ್ ಸಡಿಲಿಸಿದಾಗ ಪಾರದರ್ಶಕ ಟ್ಯೂಬಿನಲ್ಲಿ ಮೊದಲು ಮಣ್ಣುಬಣ್ಣದ್ದು ಬರುತ್ತದೆ, ನಡುವೆ ಗುಳ್ಳೆಗಳು, ಕೊನೆಗೆ ತಿಳಿಯಾದದ್ದು. ನಾಲ್ಕೂ ಚಕ್ರಗಳಲ್ಲಿ ತಿಳಿ ಬರುವವರೆಗೆ ಇದೇ ಮಂತ್ರ. ನಡುವೆ ಡಬ್ಬಿ ಬರಿದಾಗಲು ಬಿಟ್ಟರೆ ಗಾಳಿ ಒಳಹೊಕ್ಕು ಕೆಲಸ ಇಮ್ಮಡಿಯಾಗುತ್ತದೆ. ಮಳೆಗೆ ತುಕ್ಕು ಹಿಡಿದ ನಿಪ್ಪಲ್ ಮುರಿಯುವುದೂ ಉಂಟು. ಆಯಿಲ್ ಕಾರಿನ ಮೈಮೇಲೆ ಚೆಲ್ಲಿದರೆ ಪೇಂಟನ್ನು ತಿನ್ನುತ್ತದೆ; ತಕ್ಷಣ ನೀರು ಹಾಕಿ ತೊಳೆಯಬೇಕು.

ನಾನು ಸೂಚಿಸುವ ಕಾಲ ಅಕ್ಟೋಬರ್ ಕೊನೆ ಅಥವಾ ನವೆಂಬರ್. ಮಳೆ ಬಿಟ್ಟಿರುತ್ತದೆ, ಕಾಫಿ ಕೊಯ್ಲಿನ ಗಡಿಬಿಡಿ ಪೂರ್ತಿ ಶುರುವಾಗಿರುವುದಿಲ್ಲ. ಜುಲೈನ ಜಡಿಮಳೆಯಲ್ಲಿ ಡಬ್ಬಿ ತೆರೆದಿಟ್ಟುಕೊಂಡು ಕೂರುವುದು ನನಗೆ ಒಗ್ಗದು. ಇದು ನನ್ನ ಹಟ. ಎರಡು ವರ್ಷ ದಾಟಿದ್ದರೆ ಯಾವ ತಿಂಗಳಾದರೂ ಸರಿ. ಕೈಪಿಡಿಯಲ್ಲಿ ಇನ್ನೂ ಬೇಗ ಎಂದಿದ್ದರೆ ಅದರ ಮಾತೇ ಮಾತು.

ಯಾವ ಆಯಿಲ್ ಎಂಬುದು ಡಬ್ಬಿಯ ಮುಚ್ಚಳದ ಮೇಲೇ ಅಚ್ಚಾಗಿರುತ್ತದೆ. ಡಾಟ್ 5.1 ಗ್ಲೈಕಾಲ್ ಜಾತಿಯದೇ, ಆದರೆ ಡಾಟ್ 5 ಸಿಲಿಕೋನ್. ಆ ಒಂದು ಚುಕ್ಕಿಯನ್ನು ನೋಡದೆ ಕೊಂಡು ಬೆರೆಸಬೇಡಿ. ತೋಟದ ಷೆಡ್ಡಿನಲ್ಲಿ ಹೋದ ವರ್ಷ ಅರ್ಧ ಬಳಸಿಟ್ಟ ಬಾಟಲಿ ಇದೆ ಎಂದು ತರುವವರಿಗೂ ನನ್ನದು ಒಂದೇ ಮಾತು: ಅದು ಆಗಲೇ ತೇವ ಕುಡಿದಿದೆ, ಹೊಸದು ತನ್ನಿ.

ಹಳೆಯ ಕಾರು ಕೊಂಡವರು, ಹಿಂದಿನ ಮಾಲೀಕರು ಯಾವಾಗ ಬದಲಿಸಿದ್ದರೋ ಗೊತ್ತಿಲ್ಲ ಎನ್ನುತ್ತಾರೆ. ಬದಲಿಸಿಲ್ಲವೆಂದೇ ತಿಳಿಯಿರಿ. ಖರ್ಚು ಒಂದು ಟ್ಯಾಂಕ್ ಪೆಟ್ರೋಲಿಗಿಂತ ಕಡಿಮೆ. ಅದೇ ನೀರು ಒಳಗಿನಿಂದ ತುಕ್ಕು ಹಿಡಿಸಿ, ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಘಟಕವನ್ನು ಕೆಡಿಸಿದರೆ ಬರುವ ಬಿಲ್ಲಿಗೆ ಹುಬ್ಬೇರಿಸುವುದು ಸಾಲುವುದಿಲ್ಲ.