ಕಾಂಟೆಸ್ಸಾ ಸೈಲೆನ್ಸರ್ ಬದಲಿಸಿದ ಭಾನುವಾರ

ಗಾಣಗಾಪುರಕ್ಕೆ ಹೋಗಿ ವಾಪಸ್ ಬರುವಾಗ, ಚೌಡಾಪುರ ದಾಟಿದ ಮೇಲೆ ಅವ್ವ ಹಿಂದಿನ ಸೀಟಿನಿಂದ "ತಲಿ ಭಾಳ ನೋಯ್ಲತ್ತದ, ಗಾಡಿ ಜರಾ ನಿಂದ್ರಸು" ಅಂದಳು. ಮೇ ತಿಂಗಳ ಬಿಸಿಲು, ಅದಕ್ಕೇ ಇರಬೇಕು ಅಂದುಕೊಂಡೆ. ಬೇವಿನ ನೆರಳಲ್ಲಿ ಹತ್ತು ನಿಮಿಷ ಕೂತ ಮೇಲೆ ಸರಿಹೋಯಿತು. ಮತ್ತೆ ಕಾರು ಹತ್ತಿ ಸ್ವಲ್ಪ ದೂರ ಬರುವಷ್ಟರಲ್ಲಿ ಮತ್ತೆ ಅದೇ ನೋವು. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ನಾಲ್ಕೂ ಕಿಟಕಿ ಇಳಿಸಿ, ಎಲ್ಲೂ ನಿಲ್ಲಿಸದೆ ಕಲಬುರಗಿಗೆ ಬಂದೆ.

ಕಾರು 1991ರ ಕಾಂಟೆಸ್ಸಾ ಕ್ಲಾಸಿಕ್. ಕಾಕಾ ಅದನ್ನು ಓಡಿಸುತ್ತಿದ್ದರು, ಅವರಿಂದ ನನಗೆ ಬಂತು. ಅಮೆರಿಕದಲ್ಲಿ 1964ರ ಪಾಂಟಿಯಾಕ್ ಜಿಟಿಒ ತರಹದ ಕಾರುಗಳನ್ನು ಮಸಲ್ ಕಾರ್ ಅನ್ನುತ್ತಾರೆ, ಅವುಗಳಲ್ಲಿ ಎಂಟು ಸಿಲಿಂಡರಿನ ಎಂಜಿನ್ ಇರುತ್ತದೆ. ನಮ್ಮದಕ್ಕೆ ಇರುವುದು ಇಸುಜು ಕಂಪನಿಯ ನಾಲ್ಕು ಸಿಲಿಂಡರಿನ 1.8 ಲೀಟರ್ ಪೆಟ್ರೋಲ್ ಎಂಜಿನ್. ಆದರೂ ಆ ಉದ್ದನೆಯ ಬಾನೆಟ್, ಆ ಅಗಲ, ಎಂಜಿನ್ ಹಿಂದಿನ ಚಕ್ರಗಳನ್ನು ಓಡಿಸುವ ಗಾಡಿ, ಇದನ್ನೆಲ್ಲ ನೋಡಿದರೆ ನಮ್ಮ ದೇಶದ ಮಸಲ್ ಕಾರ್ ಇದೇ ಅಂತ ಹೇಳಲು ನನಗೆ ಯಾವ ಅನುಮಾನವೂ ಇಲ್ಲ. 2002ಕ್ಕೆ ಇದರ ತಯಾರಿಕೆ ನಿಂತಿತು. ಅಂಗಡಿಗೆ ಹೋಗಿ ಸೈಲೆನ್ಸರ್ ಕೊಡಿ ಅಂದರೆ ಸಿಗುವ ಕಾಲ ಯಾವಾಗಲೋ ಮುಗಿದಿದೆ.

ಮರುದಿನ ಹುಮ್ನಾಬಾದ್ ರಸ್ತೆಯ ಕಡೆ ಇರುವ ನಮ್ಮ ಹಳೆಯ ಮೆಕ್ಯಾನಿಕ್ ಚಾಚಾ ಹತ್ತಿರ ಹೋದೆ. ಅವರು ಹಿಂದೆ ಹೊಗೆ ಬಿಡುವ ಟೈಲ್ ಪೈಪಿನ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದು ಎಂಜಿನ್ ಚಾಲು ಮಾಡಲು ಹೇಳಿದರು. ಹೊಗೆ ಹಿಂದಿನಿಂದ ಬರದಿದ್ದರೆ ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ಬುಸ್ ಅಂತ ಸದ್ದು ಬರುತ್ತದೆ. ಬಂತು, ಒಂದಲ್ಲ, ನಾಲ್ಕು ಕಡೆ. "ಜರಡಿ ಆಗ್ಯಾದ ತಮ್ಮಾ ಇದು" ಅಂದರು. ದೊಡ್ಡ ತೂತು ಹಿಂದಿನ ಸೀಟಿನ ಕೆಳಗೇ ಇತ್ತು, ಅದರ ಪಕ್ಕದಲ್ಲಿ ನೆಲದ ತಗಡಿನ ರಬ್ಬರ್ ಬುಚ್ಚು ಬಿದ್ದುಹೋಗಿತ್ತು. ಅವ್ವ ಕೂತಿದ್ದು ಸರಿಯಾಗಿ ಅದರ ಮೇಲೆ. ಎಂಜಿನ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ, ಹೆಚ್ಚಾಗಿ ತಲೆನೋವೇ ಅದರ ಮೊದಲ ಸೂಚನೆ. ಹಳೆಯ ಕಾರು ಇಟ್ಟುಕೊಂಡವರು ದಯವಿಟ್ಟು ಇದೊಂದನ್ನು ಹಗುರವಾಗಿ ತಗೋಬೇಡಿ.

ನನಗೆ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಮೂರು ವರ್ಷದಿಂದ ಬೇರೊಂದು ಗ್ಯಾರೇಜಿನಲ್ಲಿ ಇದೇ ಪೈಪಿಗೆ ತಗಡಿನ ತುಂಡು ಹಚ್ಚಿ ಹಚ್ಚಿ ವೆಲ್ಡಿಂಗ್ ಮಾಡಿಸಿದ್ದೆ. ಪೈಪನ್ನು ಬಾಡಿಗೆ ತೂಗುಹಾಕುವ ರಬ್ಬರ್ ಹ್ಯಾಂಗರ್ ಹರಿದಾಗ ಹೊಸದು ಹಾಕುವ ಬದಲು ಅವರು ಕಬ್ಬಿಣದ ಪಟ್ಟಿ ಇಟ್ಟು ಪೈಪನ್ನು ಸೀದಾ ಬಾಡಿಗೇ ವೆಲ್ಡ್ ಮಾಡಿಬಿಟ್ಟಿದ್ದರು. ಚಾಚಾ ಅದನ್ನು ಮುಟ್ಟಿ ನೋಡಿ ಸಿಟ್ಟಾದರು. "ಎಂಜಿನ್ ರಬ್ಬರ್ ಮ್ಯಾಲ ಕುಂತದ, ಅದು ಅಲ್ಲಾಡ್ತದ. ಪೈಪ್ ಅದರ ಜತಿ ಅಲ್ಲಾಡಬೇಕು. ಹಿಂಗ ಬಿಗಿದ್ರ ಸೀಳದೆ ಏನ್ ಮಾಡ್ತದ?" ಸೈಲೆನ್ಸರ್ ತೂಗಾಡಬೇಕು, ಬಿಗಿದು ನಿಲ್ಲಬಾರದು. ಇಷ್ಟು ಸರಳ ಮಾತನ್ನು ಮೂರು ವರ್ಷ ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಉಳಿದ ತೂತುಗಳಿಗೆ ಕಾರಣ ತುಕ್ಕು, ಅದೂ ಒಳಗಿನಿಂದ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಅಷ್ಟೇ ನೀರು ಆವಿಯಾಗಿ ಸೈಲೆನ್ಸರಿನ ಒಳಗೆ ಹೋಗುತ್ತದೆ. ದೂರ ಓಡಿಸಿದರೆ ಪೈಪು ಕಾದು ಆ ನೀರು ಹೊರಗೆ ಹೋಗುತ್ತದೆ. ಮನೆಯಿಂದ ಸೂಪರ್ ಮಾರ್ಕೆಟ್‌ಗೆ ಹೋಗಿ ಬರುವಷ್ಟೇ ಓಡಿಸಿದರೆ ಸೈಲೆನ್ಸರ್ ಡಬ್ಬಿಯ ತಳದಲ್ಲೇ ನಿಲ್ಲುತ್ತದೆ. ನಾನು ಗಾಡಿ ಜೋಪಾನ ಮಾಡಬೇಕು ಅಂತ ಕಡಿಮೆ ಓಡಿಸುತ್ತಿದ್ದೆ, ಅದೇ ಅದನ್ನು ತಿಂದಿತ್ತು.

ಹೊಸ ಡಬ್ಬಿ ಹೈದರಾಬಾದಿನಿಂದ ಬಸ್ಸಿನ ಮೇಲೆ ಬಂತು. ಭಾನುವಾರ ಬೆಳಿಗ್ಗೆ ಆರಕ್ಕೇ ಶುರು ಮಾಡಿದೆವು, ಹನ್ನೊಂದರ ಮೇಲೆ ಈ ಊರಿನ ಬಿಸಿಲಲ್ಲಿ ಕಬ್ಬಿಣ ಮುಟ್ಟಲು ಆಗುವುದಿಲ್ಲ. ಅಂಗಳಕ್ಕೆಲ್ಲ ಶಹಾಬಾದ್ ಫರ್ಸಿ, ಅದರ ಮೇಲೆ ಸುಮ್ನೆ ಜಾಕ್ ಇಟ್ಟರೆ ಕಲ್ಲು ಸೀಳುತ್ತದೆ ಅಂತ ಕೆಳಗೆ ದಪ್ಪ ಹಲಗೆ ಹಾಕಿ ಗಾಡಿ ಎತ್ತಿ ಸ್ಟ್ಯಾಂಡ್ ಕೊಟ್ಟೆವು. ಹಿಂದಿನ ಪೈಪು ಹ್ಯಾಕ್ಸಾದಲ್ಲಿ ಕೊಯ್ದು ಅರ್ಧ ಗಂಟೆಯಲ್ಲಿ ಇಳಿಯಿತು. ಕಷ್ಟ ಕೊಟ್ಟಿದ್ದು ಮುಂದಿನದು. ಎಂಜಿನ್ನಿನ ಹೊಗೆಯನ್ನು ಒಟ್ಟುಮಾಡುವ ಮ್ಯಾನಿಫೋಲ್ಡಿಗೆ ಪೈಪು ಕೂಡುವ ಕಡೆ ನಟ್ಟುಗಳು ಸ್ಟಡ್ಡಿನ, ಅಂದರೆ ತಲೆಯಿಲ್ಲದ ಬೋಲ್ಟಿನ, ಜೊತೆ ಒಂದಾಗಿಬಿಟ್ಟಿದ್ದವು. ರಾತ್ರಿಯೇ ಎಣ್ಣೆ ಬಿಟ್ಟಿದ್ದೆ, ಗ್ಯಾಸಿನಿಂದ ಕಾಯಿಸಿದೆವು, ಆದರೂ ಒಂದು ಸ್ಟಡ್ ಪಾನಾ ಹಾಕಿದ ಕೂಡಲೇ ಟಣ್ ಅಂತ ಮುರಿಯಿತು. ಎದೆ ಧಸಕ್ ಅಂತು. ಮ್ಯಾನಿಫೋಲ್ಡ್ ಬೀಡು ಕಬ್ಬಿಣದ್ದು, ಅದು ಸೀಳಿದರೆ ಇನ್ನೊಂದನ್ನು ಎಲ್ಲಿಂದ ತರಲಿ? ಚಾಚಾ ಮಾತಾಡದೆ ಬ್ಯಾಟರಿ ವಾಯರ್ ಬಿಚ್ಚಿಸಿದರು, ಉಳಿದ ತುಂಡಿನ ಮೇಲೆ ಒಂದು ನಟ್ ಇಟ್ಟು ನಟ್ಟಿನ ತೂತಿನ ಒಳಗಿನಿಂದ ವೆಲ್ಡ್ ಹಿಡಿದರು. ಕೆಂಪಗಿದ್ದದ್ದು ಸ್ವಲ್ಪ ಆರಿದ ಮೇಲೆ ಪಾನಾ ಹಾಕಿ, ಒಂದು ಕೂದಲೆಳೆಯಷ್ಟು ಮುಂದೆ, ಒಂದು ಕೂದಲೆಳೆಯಷ್ಟು ಹಿಂದೆ, ಮತ್ತೆ ಎಣ್ಣೆ, ಮತ್ತೆ ಮುಂದೆ, ಹೀಗೆ ಮುಕ್ಕಾಲು ಗಂಟೆ ಆ ತುಂಡನ್ನು ಸಮಾಧಾನ ಮಾಡಿ ಹೊರಗೆ ತೆಗೆದರು. ನಾನು ಬ್ಯಾಟರಿ ಲೈಟು ಹಿಡಿದು ನೋಡುತ್ತಿದ್ದೆ. ಹೊಸ ಸ್ಟಡ್ಡಿಗೆ ಹಿತ್ತಾಳೆ ನಟ್ ಹಾಕಿದೆವು. ಹಿತ್ತಾಳೆ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ, ಮುಂದೆ ಬಿಚ್ಚುವವನು ಇಷ್ಟು ಒದ್ದಾಡುವುದಿಲ್ಲ.

ಹೊಸ ಪೈಪು ಬಗ್ಗಿಸುವ ಕೆಲಸ ನೋಡುವುದೇ ಒಂದು ಖುಷಿ. ಒಣ ಮರಳು ಗಟ್ಟಿಯಾಗಿ ತುಂಬಿ ಎರಡೂ ಕಡೆ ಕಟ್ಟಿಗೆಯ ಬೆಣೆ ಬಡಿದು, ಬೇಕಾದ ಕಡೆ ಕೆಂಪಗೆ ಕಾಯಿಸಿ ನಿಧಾನ ಬಗ್ಗಿಸುತ್ತಾರೆ. ಮರಳು ಇರುವುದರಿಂದ ಪೈಪು ಚಪ್ಪಟೆಯಾಗುವುದಿಲ್ಲ. ಮರಳಿನಲ್ಲಿ ಸ್ವಲ್ಪ ಹಸಿ ಇದ್ದರೂ ಆವಿ ಕಟ್ಟಿ ಬೆಣೆ ಗುಂಡಿನ ಹಾಗೆ ಹಾರುತ್ತದೆ, ಅದಕ್ಕೇ ಚಾಚಾ ಮೊದಲು ಮರಳನ್ನು ಬಾಣಲೆಯಲ್ಲಿ ಹುರಿದರು.

ಗೆಳೆಯರು ದೊಡ್ಡ ಪೈಪು ಹಾಕಿಸು, ಡಬ್ಬಿ ತೆಗೆಸು, ಸೌಂಡ್ ಮಸ್ತ್ ಬರುತ್ತದೆ ಅಂತ ಹೇಳಿದ್ದರು. ನಾನು ಒಪ್ಪಲಿಲ್ಲ. ಎಂಜಿನ್ನಿಗೆ ಹೊಂದಿಸಿ ಮಾಡಿದ ಅಳತೆ ಅದು, ಪೈಪಿನ ಅಳತೆ ಬದಲಿಸಿದರೆ ಪೆಟ್ರೋಲ್ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಕೂಡ ಮತ್ತೆ ಹೊಂದಿಸಬೇಕು. ಮೇಲಾಗಿ ಈ ಗಾಡಿಯ ದನಿ ನನಗೆ ಗೊತ್ತು, ಕಾಕಾ ಬಸವನ ಗುಡಿಯ ತಿರುವಿನಲ್ಲಿ ಗೇರ್ ಇಳಿಸುವಾಗ ಬರುತ್ತಿದ್ದ ಆ ದಪ್ಪ ಮೆತ್ತನೆ ಗುಡುಗು. ನನಗೆ ಅದೇ ಬೇಕಿತ್ತು.

ಎಲ್ಲ ಕೂಡಿಸಿ, ಯು ಕ್ಲಾಂಪ್ ಬಿಗಿದು, ಗಾಡಿ ಕೆಳಗಿಳಿಸಿ ಅಲ್ಲಾಡಿಸಿದರೆ ಟಕ್ ಟಕ್. ಪೈಪು ಹಿಂದಿನ ಚಕ್ರಗಳ ನಡುವಿನ ಆ್ಯಕ್ಸಲ್‌ಗೆ ಬಡಿಯುತ್ತಿತ್ತು! ಬೆಳಿಗ್ಗೆ ಸ್ಟ್ಯಾಂಡನ್ನು ನಾನು ಬಾಡಿಯ ಕೆಳಗೆ ಕೊಟ್ಟಿದ್ದೆ. ಆಗ ಆ್ಯಕ್ಸಲ್ ಕೆಳಗೆ ಜೋತುಬಿದ್ದು ಮೇಲಿನ ಪೈಪಿಗೆ ಬೇಕಾದಷ್ಟು ಜಾಗ ಕಾಣುತ್ತದೆ. ಗಾಡಿ ನೆಲಕ್ಕೆ ಕೂತಾಗ ಆ್ಯಕ್ಸಲ್ ಮೇಲೇರುತ್ತದೆ, ಜಾಗ ಹೋಗುತ್ತದೆ. ಸ್ಟ್ಯಾಂಡ್ ಆ್ಯಕ್ಸಲ್ ಕೆಳಗೇ ಕೊಟ್ಟು ಅಳೆಯಬೇಕಿತ್ತು. ಚಾಚಾ ಬೈಯಲಿಲ್ಲ. ಮನೆಯಿಂದ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಬಂದಿತ್ತು, ಉಂಡು, ಬಿಸಿಲು ಇಳಿಯುವ ತನಕ ಕೂತು, ನಾಲ್ಕು ಗಂಟೆಗೆ ಆ ಬಾಗನ್ನು ಮತ್ತೆ ಕಾಯಿಸಿ ಎರಡು ಬೆರಳು ಮೇಲೆ ಎತ್ತಿದರು.

ಆರೂವರೆಗೆ ಎಂಜಿನ್ ಚಾಲು ಮಾಡಿದೆ. ಕೂಡಿಸಿದ ಕಡೆಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದೆವು, ಒಂದೂ ಗುಳ್ಳೆ ಇಲ್ಲ. ಚಾಚಾ ಡಬ್ಬಿಯನ್ನು ಕೈಯಿಂದ ತಳ್ಳಿ ತೋರಿಸಿದರು, ತೊಟ್ಟಿಲ ಹಾಗೆ ತೂಗಿ ತನ್ನ ಜಾಗಕ್ಕೆ ಬಂತು.

ಮುಂದಿನ ವಾರ ಅವ್ವನನ್ನು ಮತ್ತೆ ಗಾಣಗಾಪುರಕ್ಕೆ ಕರೆದುಕೊಂಡು ಹೋದೆ. ಕಿಟಕಿ ಮುಚ್ಚಿಕೊಂಡೇ ಹೋಗಿ ಬಂದೆವು. ವಾಪಸ್ ಬಂದ ಮೇಲೆ ಗಾಡಿ ಪೂರ್ತಿ ತಣ್ಣಗಾಗಲು ಬಿಟ್ಟು ಕೆಳಗೆ ಮಲಗಿ ಎಲ್ಲ ಕ್ಲಾಂಪಿಗೂ ಪಾನಾ ಹಾಕಿ ನೋಡಿದೆ. ಕಾದು ಆರಿದ ಮೇಲೆ ಸಡಿಲಾಗುತ್ತವೆ ಅಂತ ಚಾಚಾ ಹೇಳಿದ್ದರು. ಎರಡು ಕ್ಲಾಂಪು ಅರ್ಧರ್ಧ ಸುತ್ತು ತಗೊಂಡವು.