ಮೊದಲು ಕಲ್ಲು ಎತ್ತಿ ನೋಡಿ, ಆಮೇಲೆ ಫ್ಲೈ ಕಟ್ಟಿ

ಕಲಬುರಗಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಏಪ್ರಿಲ್ ಬಂತಂದ್ರೆ ಸುಟ್ಟ ಬೋರ್‌ವೆಲ್ ಮೋಟಾರ್‌ಗಳು ಬಾಗಿಲ ತನಕ ಸಾಲು ಹಚ್ಚುತ್ತವೆ. ಆ ಗಡಿಬಿಡಿಯಲ್ಲೂ ರಾತ್ರಿ ಶಟರ್ ಎಳೆಯುವ ಮುಂಚೆ ಅರ್ಧ ತಾಸು ಕೂತು ಫ್ಲೈ ಕಟ್ಟುತ್ತೇನೆ. ಫ್ಲೈ ಅಂದರೆ ಸಣ್ಣ ಗಾಳಕ್ಕೆ ಪುಕ್ಕ, ದಾರ, ತಂತಿ ಸುತ್ತಿ ಮಾಡುವ ಸುಳ್ಳು ಹುಳ. ಟ್ರೌಟ್ ಮೀನು ಹಿಡಿಯೋಕೆ. ನಮ್ಮ ಭೀಮಾ ನದಿಯಲ್ಲಿ ಟ್ರೌಟ್ ಇಲ್ಲ. ಅದಕ್ಕೆ ತಣ್ಣೀರೇ ಬೇಕು. ನಮ್ಮ ಭಾವ ಕೆಲಸದ ಮೇಲೆ ಹಿಮಾಚಲದ ಕುಲ್ಲು ಜಿಲ್ಲೆಯಲ್ಲಿದ್ದಾರೆ. ಅಲ್ಲಿನ ತೀರ್ಥನ್ ನದಿಗೆ ವರ್ಷಕ್ಕೊಮ್ಮೆ ಹೋಗಿ ಬರುತ್ತೇನೆ.

ಮೊದಲ ಸಲ ಹೋದಾಗ ಆನ್‌ಲೈನ್‌ನಲ್ಲಿ ತರಿಸಿದ 40 ಫ್ಲೈಗಳ ಡಬ್ಬಿ ಇತ್ತು. ಕೆಂಪು, ಹಳದಿ, ಗಿಳಿ ಹಸಿರು, ನೋಡೋಕೆ ಜಾತ್ರೆಯ ಬಳೆ ಅಂಗಡಿ ಹಾಗೆ. ಎರಡು ದಿನ ಒಂದೊಂದೇ ಕಟ್ಟಿ ಬೀಸಿದೆ. ಒಂದು ಮೀನೂ ಮುಟ್ಟಲಿಲ್ಲ. ಕಣ್ಣೆದುರಿಗೇ ಟ್ರೌಟ್ ನೀರಲ್ಲಿ ಹೊರಳಿ ಏನೋ ತಿನ್ನುತ್ತಿತ್ತು. ಬಹಳ ಬೇಜಾರಾಯಿತು.

ಆಗ ನೆನಪಾದವರು ನಮ್ಮ ಕಾಕಾ. ಸಣ್ಣವನಿದ್ದಾಗ ಗಾಣಗಾಪುರದ ಕೆಳಗೆ ಭೀಮಾ ದಂಡೆಗೆ ಕರೆದುಕೊಂಡು ಹೋಗುತ್ತಿದ್ದರು. ಜೋಳದ ದಂಟಿನ ಬೆಂಡು, ಶೇಂಗಾ ಹಿಂಡಿ ಕಲಸಿದ ಹಿಟ್ಟಿನ ಉಂಡೆ, ಡಬ್ಬಿಯಲ್ಲಿ ಎರೆಹುಳ. ನಾನು ಅವಸರ ಮಾಡಿದರೆ, "ಏ ತಮ್ಮಾ, ಎರಿ ಹಚ್ಚೂದು ಆಮ್ಯಾಲ. ಮೊದಲ ಮೀನಿನ ಬಾಯಿ ಯಾವ ಕಡಿ ಅದ ನೋಡು" ಅನ್ನುತ್ತಿದ್ದರು. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿದೆ, ಅದು ಮೇಲಿನ ನೀರಲ್ಲಿ ಮೇಯುತ್ತದೆ. ಮೃಗಾಲ್ ಬಾಯಿ ಕೆಳಕ್ಕೆ, ಅದು ತಳದ ಕೆಸರು ಕೆದಕುತ್ತದೆ. ರೋಹು ನಡುವೆ. ಒಂದೇ ಹಿಟ್ಟಾದರೂ ಬೆಂಡು ಎಷ್ಟು ಮೇಲೆ, ಎಷ್ಟು ಕೆಳಗೆ ಕಟ್ಟಬೇಕು ಅನ್ನೋದನ್ನ ಮೀನಿನ ಬಾಯಿ ನೋಡಿ ತೀರ್ಮಾನಿಸುತ್ತಿದ್ದರು.

ಮೂರನೇ ದಿನ ಬೆಳಗ್ಗೆ ನಾನು ಕೋಲು ಬದಿಗಿಟ್ಟು ನೀರಿಗಿಳಿದೆ. ಮೊಣಕಾಲ ನೀರಲ್ಲೇ ಕಾಲು ಜೋಮು ಹಿಡಿಯಿತು. ಒಂದು ಕಲ್ಲು ಎತ್ತಿ ತಿರುವಿದೆ. ಅಡಿಯಲ್ಲಿ ಕಂದು ಬಣ್ಣದ, ಬಾಲದಲ್ಲಿ ಮೂರು ಎಳೆ ಇದ್ದ ಚಪ್ಪಟೆ ಹುಳಗಳು ಹರಿದಾಡುತ್ತಿದ್ದವು. ಮೇಫ್ಲೈ ಮರಿಗಳು, ನಿಂಫ್ ಅಂತಾರೆ. ಪಕ್ಕದಲ್ಲಿ ಮರಳು ಕಾಳು ಅಂಟಿಸಿಕೊಂಡು ಮಾಡಿದ ಸಣ್ಣ ಕೊಳವೆಗಳು, ಒಳಗೆ ಕ್ಯಾಡಿಸ್ ಹುಳ. ಟ್ರೌಟ್ ಊಟದ ಬಹುಪಾಲು ಹೀಗೆ ನೀರಿನ ಒಳಗೇ ನಡೆಯುತ್ತದೆ. ನನ್ನ ಡಬ್ಬಿಯಲ್ಲಿ ಆ ಹುಳದ ಹತ್ತಿರ ಬರುವಂಥದ್ದು ಎರಡೇ ಇದ್ದವು, ಅವನ್ನ ಚಂದ ಇಲ್ಲ ಅಂತ ಮೂಲೆಗೆ ಹಾಕಿದ್ದೆ. ಅದರಲ್ಲೊಂದು ಕಟ್ಟಿದೆ. ಹತ್ತು ನಿಮಿಷದಲ್ಲಿ ದಾರ ಜಗ್ಗಿತು. ಮೈಮೇಲೆ ಕೆಂಪು ಚುಕ್ಕೆ ಇದ್ದ ಬ್ರೌನ್ ಟ್ರೌಟ್. ಕೈ ಒದ್ದೆ ಮಾಡಿಕೊಂಡೇ ಹಿಡಿದು, ಗಾಳ ಬಿಡಿಸಿ, ನೀರಿಗೆ ಬಿಟ್ಟೆ.

ಅವತ್ತಿನಿಂದ ನಾನು ಫ್ಲೈ ಆರಿಸುವಾಗ ಮೊದಲು ಗಾತ್ರ ನೋಡುತ್ತೇನೆ, ಆಮೇಲೆ ಆಕಾರ. ಬಣ್ಣ ಕೊನೆಗೆ. ಕಲ್ಲಿನ ಹುಳ ಉಗುರಿನಷ್ಟಿದ್ದು ಫ್ಲೈ ಬೆರಳಿನಷ್ಟಿದ್ದರೆ ಬಣ್ಣ ಎಷ್ಟು ಹೊಂದಿದರೂ ಉಪಯೋಗ ಇಲ್ಲ. ಗಾಳದ ನಂಬರ್ ಹೊಸಬರಿಗೆ ತಲೆಕೆಳಗು ಅನಿಸುತ್ತದೆ. 14ಕ್ಕಿಂತ 16 ಸಣ್ಣದು. ನನಗೆ ಇದು ಸುಲಭವಾಗಿ ಹಿಡಿಸಿತು, ಯಾಕಂದ್ರೆ ನಮ್ಮ ತಾಮ್ರದ ತಂತಿಯ ಗೇಜೂ ಹಾಗೇ, ನಂಬರ್ ಏರಿದಂತೆ ತಂತಿ ಸಣ್ಣ. ಫ್ಲೈಗೆ ಹತ್ತಿರದ ತೆಳು ದಾರಕ್ಕೆ ಟಿಪೆಟ್ ಅಂತಾರೆ. ನಾನು ಬಳಸುವ 5ಎಕ್ಸ್ ಟಿಪೆಟ್‌ನ ದಪ್ಪ 0.15 ಮಿಲಿಮೀಟರ್. ನಮ್ಮ 38 ಗೇಜ್ ತಂತಿಯಷ್ಟೇ. ಮೈಕ್ರೋಮೀಟರ್ ಹಚ್ಚಿ ನೋಡಿದ ದಿನ ಬಹಳ ಖುಷಿಯಾಗಿತ್ತು.

ತಂತಿಯದೇ ಇನ್ನೊಂದು ಮಾತು. ಫೆಸೆಂಟ್ ಹಕ್ಕಿಯ ಬಾಲದ ಪುಕ್ಕದಿಂದ ಮಾಡುವ, ನಿಂಫ್ ಹೋಲುವ ಫೆಸೆಂಟ್ ಟೇಲ್ ಅನ್ನೋ ಫ್ಲೈ ಕಟ್ಟಿದವರು ಫ್ರಾಂಕ್ ಸಾಯರ್. ಇಂಗ್ಲೆಂಡಿನ ಏವನ್ ನದಿ ಕಾಯುತ್ತಿದ್ದವರು. ಅವರು ದಾರವನ್ನೇ ಬಳಸಲಿಲ್ಲ, ಪುಕ್ಕದ ಎಳೆಗಳನ್ನ ತಾಮ್ರದ ತಂತಿಯಿಂದಲೇ ಕಟ್ಟಿದರು. ತಂತಿಯ ಭಾರಕ್ಕೆ ಫ್ಲೈ ತಳಕ್ಕೆ ಇಳಿಯುತ್ತದೆ, ಮೀನು ಮೇಯುವ ಜಾಗಕ್ಕೆ. ನನ್ನ ಅಂಗಡಿಯಲ್ಲಿ ತಂತಿಗೆ ಬರ ಇಲ್ಲ. ಪುಕ್ಕ ಮಾತ್ರ ಚಿಕನ್ ಅಂಗಡಿಯಿಂದ ತಂದ ಜವಾರಿ ಹುಂಜದ್ದು, ಕಂದು ಬಣ್ಣ ಸರಿಯಾಗಿ ಹೊಂದುತ್ತದೆ. ಪುಕ್ಕ ಬೇಕು ಅಂತ ಕಾಡು ಪಕ್ಷಿಯ ತಂಟೆಗೆ ಯಾರೂ ಹೋಗಬೇಡಿ.

ಸಂಜೆ ಲೆಕ್ಕ ಬೇರೆ. ಕ್ಯಾಡಿಸ್ ಹುಳಗಳು ರೆಕ್ಕೆ ಬಂದು ನೀರಿನ ಮೇಲೆ ಹಾರಾಡುತ್ತವೆ, ಟ್ರೌಟ್ ಮೇಲೆದ್ದು ನುಂಗುತ್ತದೆ. ಆಗ ಎಲ್ಕ್ ಹೇರ್ ಕ್ಯಾಡಿಸ್ ಅನ್ನೋ ತೇಲುವ ಫ್ಲೈ, 14 ನಂಬರ್. ಅದು ಹರಿವಿನ ಜೊತೆ ಸುಮ್ನೆ ಬರಬೇಕು. ದಾರ ಎಳೆದು ಅದು ಗೆರೆ ಹೊಡೆದುಕೊಂಡು ಹೋದರೆ ಮೀನು ನಂಬೋದಿಲ್ಲ. ಮೇ ತಿಂಗಳ ಮಧ್ಯಾಹ್ನ ಹಿಮ ಕರಗಿ ನೀರು ಬೂದಿ ಬಣ್ಣಕ್ಕೆ ತಿರುಗಿದರೆ ಮಾತ್ರ ವೂಲಿ ಬಗ್ಗರ್ ಅನ್ನೋ ಕಪ್ಪು ಫ್ಲೈ ಹಾಕುತ್ತೇನೆ. ದೊಡ್ಡದು, ಕಲಕು ನೀರಲ್ಲೂ ಮೀನಿಗೆ ಕಾಣುತ್ತದೆ.

ಹೋಗುವವರು ಅಲ್ಲಿನ ಮೀನುಗಾರಿಕೆ ಇಲಾಖೆಯಿಂದ ಲೈಸೆನ್ಸ್ ಮಾಡಿಸಿಕೊಳ್ಳಬೇಕು. ನವೆಂಬರ್‌ನಿಂದ ಫೆಬ್ರವರಿ ತನಕ ಟ್ರೌಟ್ ಹಿಡಿಯುವಂತಿಲ್ಲ, ಅದು ಮೊಟ್ಟೆ ಇಡುವ ಕಾಲ.

ಹೋದ ವಾರ ಕಾಕಾ ಅಂಗಡಿಗೆ ಬಂದಿದ್ದರು. ಹೊಸ ನಿಂಫ್ ಒಂದನ್ನ ಅಂಗೈ ಮೇಲಿಟ್ಟುಕೊಂಡು ಕಿಟಕಿ ಬೆಳಕಿಗೆ ಹಿಡಿದರು.

"ಈ ಮೀನಿನ ಬಾಯಿ ಯಾವ ಕಡಿ?"

"ಸೀದಾ ಮುಂದಕ್ಕೆ ಅದ, ಕಾಕಾ."

"ಹಂಗಾದ್ರ ಮ್ಯಾಲೂ ತಿಂತದ, ಕೆಳಗೂ ತಿಂತದ. ಎರಡೂ ನಮೂನಿ ಕಟ್ಟಿಕೊಂಡು ಹೋಗು" ಅಂದರು.